ಮೊಬೈಲಿಗೆ ಎಟುಕದ ತಂತಿ

ಗಣೇಶನನ್ನು ಬಿಟ್ಟು ಬಂದಾಯಿತು. ಡಿಜೆ ನಿಷೇಧದ ಆದೇಶ ಹೊರಟಿತು, ಶಾಂತಿ ಸಭೆ ನಡೆಯಿತು, ಆಮೇಲೇನಾಯಿತು ಅಂತ ನಿಮ್ಮ ಕಿವಿಗೇ ಗೊತ್ತು. ನಮ್ಮ ನಡುಮನೆಯ ಕಿಟಕಿ ಗಾಜು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸೀಳಿದೆ. ಕೇಳಲು ಹೋದರೆ ಸಮಿತಿಯವರು ಡಿಜೆಯವರನ್ನು ತೋರಿಸಿದರು, ಡಿಜೆಯವರು ಸ್ಪೀಕರ್ ಬಾಡಿಗೆಗೆ ಕೊಟ್ಟವರನ್ನು ತೋರಿಸಿದರು, ಅವರು ಲಾರಿ ಡ್ರೈವರನ್ನು ತೋರಿಸಿದರು. ಡ್ರೈವರ್ ಮಾತ್ರ ಪ್ರಾಮಾಣಿಕ. 'ಬೇಸ್ ಜಾಸ್ತಿ ಇತ್ತು ಸಾರ್' ಅಂದ. ಸರಿ, ಬೇಸನ್ನೇ ವಿಚಾರಿಸಿಕೊಳ್ಳೋಣ ಅಂತ ಹೊರಟೆ.

ಅವಕಾಶ ಒದಗಿಸಿದವನು ಅಕ್ಕನ ಮಗ. ಐದು ತಂತಿಯ ಬೇಸ್ ಗಿಟಾರ್ ಬೇಕಂತೆ, ನಲವತ್ತು ಸಾವಿರದೊಳಗೆ. ಅವನಿಗೆ ನನ್ನ ಅಭಿಪ್ರಾಯ ಬೇಡ, ನನ್ನ ಕ್ರೆಡಿಟ್ ಕಾರ್ಡ್ ಸಾಕು. ಅವನು ಅಂಗಡಿಯ ಮುಂಭಾಗದಲ್ಲಿ ಹೊಸ ಮಾಲುಗಳ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾಗ ನಾನು ಒಳಗೋಡೆಗೆ ಹೋದೆ. ಬಣ್ಣಬಣ್ಣದ ಯೂಕುಲೇಲಿಗಳ ಪಕ್ಕದಲ್ಲಿ, ಬಾಗಿಲ ಮರೆಗೆ, ಒಂದು ಸೆಕೆಂಡ್‌ಹ್ಯಾಂಡ್ ಬೇಸ್ ನೇತಾಡುತ್ತಿತ್ತು. ಕಂದು ಮೈ, ಎಲ್ಲಕ್ಕಿಂತ ದಪ್ಪದ ತಂತಿಯ ಮೇಲೆ ತುಕ್ಕಿನ ಚುಕ್ಕೆಗಳು, ಕತ್ತಿಗೆ ದಾರದಲ್ಲಿ ಕಟ್ಟಿದ 32,000 ರೂಪಾಯಿಯ ಚೀಟಿ.

ಪ್ರಶ್ನೆ: ನೀವೇ ಅಲ್ಲವೇ ಬೇಸ್ ಅಂದರೆ?

ಬೇಸ್: ಹೌದು ಸಾರ್. ಹುಟ್ಟಿದ್ದು ಇಂಡೊನೇಷ್ಯಾ, ಹೆಸರು ಜಪಾನಿನದು. ಕನ್ನಡ ಈ ನಾಡಿನ ಜಾತ್ರೆಗಳಲ್ಲಿ ಕಲಿತದ್ದು.

ಪ್ರಶ್ನೆ: ನಮ್ಮ ಮನೆ ಕಿಟಕಿ ಗಾಜು ಸೀಳಿದ್ದು ನೀವೇ ತಾನೆ?

ಬೇಸ್: ಯುಗಾದಿಯಿಂದ ಈ ಮೊಳೆ ಬಿಟ್ಟು ಇಳಿದಿಲ್ಲ ಸಾರ್. ನಿಮ್ಮ ಬೀದಿಗೆ ಬಂದ ಲಾರಿಯಲ್ಲಿ ನಮ್ಮ ಪೈಕಿ ಯಾರೂ ಇರಲಿಲ್ಲ, ಇದ್ದದ್ದು ಪೆನ್‌ಡ್ರೈವು. ಅದರಲ್ಲಿ ಗುದ್ದುತ್ತಿದ್ದದ್ದು ಕಂಪ್ಯೂಟರಿನಲ್ಲಿ ಮಾಡಿದ ಡ್ರಮ್ಮು. ಜನ ಅದಕ್ಕೂ ಬೇಸ್ ಅಂತಾರೆ. ಅದು ಬಿಡಿ. ನನಗಿರೋ ದೊಡ್ಡ ದುಃಖ ಅಂದ್ರೆ ಮೊಬೈಲು.

ಪ್ರಶ್ನೆ: ಗಾಜಿನ ವಿಷಯ ಮುಗಿದಿಲ್ಲ...

ಬೇಸ್: ಬೇಸ್ ಬೇಕು ಅಂತ ಬರ್ತಾರಲ್ಲ, ಅವರು ಮೊದಲು ಮೊಬೈಲ್ ತೆಗೀತಾರೆ. ಯಾವನೋ ಅಮೆರಿಕದವನು ಎರಡು ಬೇಸ್ ಪಕ್ಕಪಕ್ಕ ಇಟ್ಟುಕೊಂಡು 'ವ್ಯತ್ಯಾಸ ಕೇಳಿ' ಅಂತಾನೆ. ಇವರು ಅಂಗಡಿಯ ನಟ್ಟನಡುವೆ ನಿಂತು ಕೇಳ್ತಾರೆ, ಕಡಲೆಬೀಜದಷ್ಟಿರೋ ಸ್ಪೀಕರಿನಲ್ಲಿ! ನನ್ನ ಐದನೇ ತಂತಿ, ಅಂದರೆ ಬಿ, ಸೆಕೆಂಡಿಗೆ ಸುಮಾರು 31 ಸಲ ಅಲುಗುತ್ತೆ. ಅದರ ಪಕ್ಕದ ಇ ತಂತಿ 41 ಸಲ. ಮೊಬೈಲ್ ಸ್ಪೀಕರು ಇನ್ನೂರರ ಕೆಳಗೆ ಹೆಚ್ಚುಕಡಿಮೆ ಮೂಕ. ಹಾಗಾದ್ರೆ ಇವರು ಕೇಳಿದ್ದೇನು? ಮೂಲ ಸ್ವರದ ಮೇಲೆ ಏಳುವ ಮರಿ ದನಿಗಳು, ಹಾರ್ಮೋನಿಕ್ಸ್ ಅಂತಾರಲ್ಲ, ಅವು. ಕೆಳಗಿನದನ್ನ ಮಿದುಳು ತಾನೇ ಊಹೆ ಮಾಡಿ ತುಂಬಿಕೊಳ್ಳುತ್ತೆ. ಆ ಊಹೆಯ ಮೇಲೆ ನಲವತ್ತು ಸಾವಿರ ಹಾಕ್ತಾರೆ. ಎದುರಿಗೇ ನಾನಿದೀನಿ, ಆಂಪ್ ಇದೆ, ವೈರಿದೆ. 'ಅಣ್ಣಾ, ಚುಚ್ಚಿ ಕೊಡ್ತೀರಾ' ಅಂತ ಒಬ್ಬ ಕೇಳಲ್ಲ.

ಪ್ರಶ್ನೆ: ಅಂದರೆ ಡಿಜೆ ಲಾರಿಯ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಠಾಣೆಯಲ್ಲಿ ಕೇಳಿಸಿದರೆ ಸಾಕ್ಷಿ ಆಗುವುದಿಲ್ಲ?

ಬೇಸ್: ಸೊಳ್ಳೆ ಸದ್ದಿನಂತೆ ಕೇಳಿಸುತ್ತೆ ಸಾರ್.

ಪ್ರಶ್ನೆ: ಹಾಗೇ ಆಯಿತು. ಠಾಣೆಯವರು 'ಇಷ್ಟೇನಾ?' ಅಂದರು. ಇರಲಿ. ನಾಲ್ಕು ತಂತಿ ಇದ್ದಾಗಲೇ ಸಾಕಷ್ಟು ಕಾಟ ಇತ್ತು. ಐದನೆಯದು ಯಾಕೆ ಬೇಕಾಯಿತು?

ಬೇಸ್: ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಅಂತ ಮಾರುಕಟ್ಟೆಗೆ ಬಿಟ್ಟಾಗ ನಾಲ್ಕೇ ತಂತಿ. 1965ರಲ್ಲಿ ಅದೇ ಕಂಪನಿಯವರು ಐದನೇದು ಹಾಕಿದರು. ಹಾಕಿದ್ದೆಲ್ಲಿಗೆ ಅಂದ್ರೆ ಮೇಲುಗಡೆಗೆ! ತೆಳು ತಂತಿ, ಅದೂ ಕತ್ತಿನ ಮೇಲೆ ಹದಿನೈದೇ ಫ್ರೆಟ್ಟು, ಬೆರಳೊತ್ತೋ ಲೋಹದ ಗೆರೆಗಳು. ಹೆಚ್ಚು ಜನ ಕೊಳ್ಳಲಿಲ್ಲ, ಕೆಲವೇ ವರ್ಷದಲ್ಲಿ ನಿಲ್ಲಿಸಿದರು. ಕೆಳಗೆ ತಂತಿ ಬಂದದ್ದು ಎಪ್ಪತ್ತರ ದಶಕದಲ್ಲಿ. ಎಂಬತ್ತರಲ್ಲಿ ಕೀಬೋರ್ಡಿನವರು ಎಡಗೈಯಲ್ಲಿ ಪಾತಾಳಕ್ಕೆ ಇಳಿಯೋಕೆ ಶುರು ಮಾಡಿದರು ನೋಡಿ, ಆಗ ನಮ್ಮವರಿಗೂ ಇಳಿಯೋದು ಅನಿವಾರ್ಯ ಆಯ್ತು.

ಪ್ರಶ್ನೆ: 1965ರಲ್ಲಿ ಮೆರವಣಿಗೆಗಳು ಎಷ್ಟು ಚೆನ್ನಾಗಿದ್ದವು ಗೊತ್ತೇ? ನಾಗಸ್ವರ, ಡೋಲು...

ಬೇಸ್: ರಸಮಂಜರಿ ವೇದಿಕೆ ಮೇಲೆ ಬನ್ನಿ ಸಾರ್, ಆಗ ಐದನೇ ತಂತಿ ಯಾಕೆ ಅಂತ ತಿಳಿಯುತ್ತೆ. ಗಾಯಕರಿಗೆ ರಾತ್ರಿ ಹತ್ತಾದರೆ ಗಂಟಲು ಕಟ್ಟುತ್ತೆ. 'ಅರ್ಧ ಮನೆ ಇಳಿಸಿ' ಅಂತ ಕಣ್ಣಲ್ಲೇ ಹೇಳ್ತಾರೆ. ಹಾಡು ಇ ಶ್ರುತಿಯಲ್ಲಿದ್ದದ್ದು ಇ-ಫ್ಲಾಟಿಗೆ ಬಂತು ಅನ್ನಿ, ನಾಲ್ಕು ತಂತಿಯವನಿಗೆ ಮಂದ್ರದಲ್ಲಿ ಷಡ್ಜವೇ ಇಲ್ಲ. ಮೇಲಿನ ಸ್ಥಾಯಿಗೆ ಹಾರಬೇಕು, ಹಾಡು ಅಲ್ಲಿಗೆ ಬೋಳಾಯ್ತು. ನನ್ನಲ್ಲಿ ಡಿ ಇದೆ, ಸಿ ಇದೆ, ಬಿ ತನಕ ಮೆಟ್ಟಿಲಿದೆ. ಗಾಯಕರು ಎಷ್ಟು ಬೇಕಾದರೂ ಇಳೀಲಿ.

ಪ್ರಶ್ನೆ: ರಾತ್ರಿ ಹತ್ತು ಅಂದಿರಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು, ಗೊತ್ತಲ್ಲ? ವರ್ಷಕ್ಕೆ 15 ದಿನ ಮಾತ್ರ ಸರ್ಕಾರ ಮಧ್ಯರಾತ್ರಿವರೆಗೆ ರಿಯಾಯಿತಿ ಕೊಡಬಹುದು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ನಮ್ಮ ಬೀದಿಯಲ್ಲಿ ಒಗ್ಗರಣೆ ಸದ್ದೇ ಅದಕ್ಕಿಂತ ಜಾಸ್ತಿ ಇರುತ್ತೆ. ಆದರೆ ಆ ಲಾರಿ...

ಬೇಸ್: ನಿಮ್ಮ ಹುಡುಗನ ಬಜೆಟ್ ಎಷ್ಟಂದ್ರಿ?

ಪ್ರಶ್ನೆ: ನಲವತ್ತು. ನನ್ನ ಬಜೆಟ್.

ಬೇಸ್: ಈ ಬೆಲೆಗೆ ಯಮಾಹಾ, ಐಬನೆಜ್, ಸೈರ್, ಕಾರ್ಟ್, ಯಾವುದು ತಗೊಂಡ್ರೂ ಪೂರ್ತಿ ಕೆಟ್ಟದ್ದು ಅಂತ ಬರೋದು ಅಪರೂಪ. ಹೆಚ್ಚಿನವು ನನ್ನ ಥರಾನೇ ಇಂಡೊನೇಷ್ಯಾದಲ್ಲಿ ಆದವು. ಆದರೆ ಅಂಗಡಿಗೆ ಬಂದವರು ಮೊದಲ ನಾಲ್ಕು ತಂತಿ ಮೀಟಿ, ಮರದ ಹೆಸರು ಕೇಳಿ, ಬಣ್ಣ ನೋಡಿ ದುಡ್ಡು ಕಟ್ತಾರೆ. ಹೆಚ್ಚಿಗೆ ದುಡ್ಡು ಕೊಡ್ತಿರೋದೇ ಐದನೇ ತಂತಿಗೆ, ಅದನ್ನೊಂದನ್ನೇ ಮುಟ್ಟಲ್ಲ! ಮಾಡಬೇಕಾದ್ದು ಇಷ್ಟೇ ಸಾರ್. ಬಿ ತಂತಿಯನ್ನ ಐದನೇ ಫ್ರೆಟ್ಟಲ್ಲಿ ಒತ್ತಿ ಮೀಟಿ. ಪಕ್ಕದ ಇ ತಂತಿಯನ್ನ ಒತ್ತದೆ ಹಾಗೇ ಮೀಟಿ. ಎರಡೂ ಒಂದೇ ಸ್ವರ. ಎರಡಕ್ಕೂ ಒಂದೇ ಗಟ್ಟಿತನ ಇದ್ದರೆ ಆ ಬೇಸ್ ಒಳ್ಳೇದು. ಬಿ ಮೇಲೆ ಮೀಟಿದ್ದು ಹಸಿ ಹಲಗೆ ತಟ್ಟಿದ ಹಾಗೆ ಸತ್ತು ಬಿದ್ದರೆ ಗೋಡೆಗೇ ತೂಗುಹಾಕಿ ಬನ್ನಿ. ಮೊದಲು ಆಂಪ್ ಇಲ್ಲದೆ, ಮೈಗೆ ಕಿವಿ ಆನಿಸಿ ಕೇಳಿ. ಆಮೇಲೆ ವೈರು.

ಪ್ರಶ್ನೆ: ಹುಡುಗ ಏನೋ 35 ಅಂಗುಲದ್ದೇ ಬೇಕು ಅಂತಿದ್ದ.

ಬೇಸ್: ಅದೂ ಮೊಬೈಲ್ ಕಲಿಸಿದ್ದು. ನಟ್ಟಿನಿಂದ ಬ್ರಿಡ್ಜಿಗೆ ಮಾಮೂಲಿ 34 ಅಂಗುಲ. ಅದನ್ನ 35 ಮಾಡಿದರೆ ಅದೇ ತಂತಿಯ ಬಿಗಿ ನೂರಕ್ಕೆ ಆರರಷ್ಟು ಏರುತ್ತೆ. 125ರ ದಪ್ಪದ ಬಿ ತಂತಿ ತೆಗೆದು 130ರದ್ದು ಹಾಕಿದ್ರೂ ಹೆಚ್ಚುಕಡಿಮೆ ಅಷ್ಟೇ ಬಿಗಿ ಬರುತ್ತೆ. ಕೈ ಉದ್ದ ಇರೋನು 35 ತಗೊಳ್ಳಲಿ, ಬೇಡ ಅನ್ನಲ್ಲ. ನಿಮ್ಮ ಹುಡುಗನ ಬೆರಳು ನೋಡಿದೆ. ಮೊದಲ ಫ್ರೆಟ್ಟಿಗೆ ಚಾಚಿದಾಗ ಮಣಿಕಟ್ಟು ಅಳುತ್ತೆ. ಅದಕ್ಕಿಂತ ತಂತಿ ತಂತಿ ನಡುವಿನ ಜಾಗ ನೋಡಿಕೊಳ್ಳಲಿ. ಐಬನೆಜ್ ಎಸ್‌ಆರ್ ಸಾಲಿನ ಐದು ತಂತಿಯಲ್ಲಿ ಬ್ರಿಡ್ಜ್ ಹತ್ತಿರ 16.5 ಮಿಲಿಮೀಟರ್. ಹಳೇ ಫೆಂಡರ್ ನಾಲ್ಕು ತಂತಿಯಲ್ಲಿ ಸುಮಾರು 19. ಹೆಬ್ಬೆರಳಲ್ಲಿ ಹೊಡೆದು ಕಿತ್ತು ಸ್ಲ್ಯಾಪ್ ಮಾಡೋನಿಗೆ ಅಗಲ ಬೇಕು, ಬೆರಳಲ್ಲಿ ಓಡಾಡೋನಿಗೆ ಇಕ್ಕಟ್ಟೇ ಆರಾಮ. ಇನ್ನೊಂದು, ಕೂತು ನುಡಿಸಿ ಕೊಳ್ಳಬಾರದು. ಪಟ್ಟಿ ಹಾಕಿಕೊಂಡು ನಿಂತು ಕೈ ಬಿಡಬೇಕು. ಕತ್ತು ನೆಲದ ಕಡೆ ಇಳಿದರೆ ಜೀವಮಾನವೆಲ್ಲ ಎಡಗೈಯಲ್ಲಿ ಅದನ್ನ ಹೊರೋದೇ ಕೆಲಸ.

ಪ್ರಶ್ನೆ: ಅಂಗಡಿಯವರು ಬ್ಯಾಟರಿ ಅಂತ ಏನೋ ಅಂದರು.

ಬೇಸ್: ಕೆಲವು ಬೇಸ್‌ಗಳ ಬೆನ್ನಲ್ಲಿ ಒಂಬತ್ತು ವೋಲ್ಟಿನದು ಇರುತ್ತೆ. ವೈರು ಚುಚ್ಚಿದ್ದಷ್ಟು ಹೊತ್ತೂ ಖರ್ಚಾಗ್ತಾನೇ ಇರುತ್ತೆ, ನುಡಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ರಾತ್ರಿ ವೈರು ಎಳೆದಿಟ್ಟು ಮಲಗಬೇಕು. ಬ್ಯಾಟರಿ ಇಲ್ಲದೆಯೂ ದನಿ ಬರೋಕೆ ಸ್ವಿಚ್ ಇರೋದು ಸಿಕ್ಕರೆ ವಾಸಿ. ಮತ್ತೆ, ನಲವತ್ತನ್ನೂ ಗಿಟಾರಿಗೇ ಸುರಿದು ಹತ್ತು ವಾಟಿನ ಡಬ್ಬಕ್ಕೆ ಚುಚ್ಚಿದರೆ ಬಿ ತಂತಿ ಇದ್ದೂ ಇಲ್ಲದ ಹಾಗೆ. ಗಿಟಾರಿಗೆ ಮೂವತ್ತರ ಆಸುಪಾಸು, ಸೆಟಪ್ಪಿಗೆ ಒಂದಿಷ್ಟು, ಉಳಿದದ್ದರಲ್ಲಿ ಒಳ್ಳೇ ಹೆಡ್‌ಫೋನು.

ಪ್ರಶ್ನೆ: ಹೆಡ್‌ಫೋನು! ಇದು ಮಾತು. ಮೆರವಣಿಗೆಯವರಿಗೂ ಒಂದೊಂದು ಕೊಡಿಸಿದರೆ... ಹೋಗಲಿ, ನಿಮ್ಮ ಹಿಂದಿನ ಯಜಮಾನರು ಯಾಕೆ ಮಾರಿದರು?

ಬೇಸ್: (ಸ್ವಲ್ಪ ಹೊತ್ತು ಮಾತಿಲ್ಲ.) ಅವರದ್ದು ರಸಮಂಜರಿ ತಂಡ ಸಾರ್. ಮಂಡ್ಯ, ಹಾಸನ, ತುಮಕೂರು ಕಡೆ ಜಾತ್ರೆಗಳು, ನವೆಂಬರಿನಲ್ಲಂತೂ ಬಿಡುವೇ ಇಲ್ಲ. ವೇದಿಕೆ ಮೇಲೆ ಎಂಟು ಜನ ನುಡಿಸೋರು. ಮೊದಲು ಕೊಳಲಿನವರು ಹೋದರು, ಕೀಬೋರ್ಡಲ್ಲೇ ಬರುತ್ತಲ್ಲ ಅಂತ. ಆಮೇಲೆ ಡೋಲಕ್. ಆಮೇಲೆ ಕೀಬೋರ್ಡಿನವರ ಎಡಗೈ ಸಾಕು, ಬೇಸ್ ಯಾಕೆ ಅಂದರು. ಕೊನೆಗೆ ಕೀಬೋರ್ಡೂ ಬೇಡವಾಯ್ತು, ಟ್ರ್ಯಾಕ್ ಬಂತು. ಜಾತ್ರೆ ಅದೇ, ಚಂದಾ ಇನ್ನೂ ಜಾಸ್ತಿ. ಸ್ಪೀಕರ್ ಡಬ್ಬಗಳು ಎರಡಿದ್ದದ್ದು ಹದಿನಾರಾದವು. ನುಡಿಸೋರು ಎಂಟಿದ್ದದ್ದು ಸೊನ್ನೆ.

ಕೊನೇ ಸಲ ಯಜಮಾನರನ್ನ ಕರೆದಾಗ ಏನಂದರು ಗೊತ್ತಾ? 'ಟ್ರ್ಯಾಕ್ ಓಡುತ್ತೆ. ವೇದಿಕೆ ಖಾಲಿ ಕಾಣಬಾರದು. ಸುಮ್ಮನೆ ಹಾಕ್ಕೊಂಡು ನಿಂತ್ಕೊಳ್ಳಿ, ವೈರು ಚುಚ್ಚೋದೇನೂ ಬೇಡ.' ನಿಂತರು. ಮೂರು ಗಂಟೆ. ಮತ್ತೆ, ಬೆರಳು ಆಡಿಸೋದು ನಿಲ್ಲಿಸಲಿಲ್ಲ ಸಾರ್, ಒಂದು ಸ್ವರವನ್ನೂ ತಪ್ಪಿಸಲಿಲ್ಲ. ಗಾಯಕಿ ಅರ್ಧ ಮನೆ ಇಳಿಸಿ ಅಂತ ಕಣ್ಣು ಮಾಡಿದಾಗ ಇವರ ಕೈ ತಾನಾಗಿ ಐದನೇ ತಂತಿಗೆ ಇಳೀತು. ಟ್ರ್ಯಾಕ್ ಇಳೀಲಿಲ್ಲ. ಮಾರನೇ ವಾರ ನನ್ನನ್ನ ಇಲ್ಲಿ ತಂದುಬಿಟ್ಟರು.

ಇಲ್ಲಿ ನಾನು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದೆ. ಕಿಟಕಿ ಗಾಜಿಗೆ ಸಿಟ್ಟಾಗಿದ್ದವನು ಈ ಮಾತಿಗೆ ಸಿಟ್ಟಾಗದಿದ್ದರೆ ಏನು ಬಂತು? ಇಳಯರಾಜರ ಹಾಡುಗಳನ್ನು ನಾಲ್ಕು ದಶಕದಿಂದ ಗುನುಗುತ್ತಿದ್ದೇವೆ. 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ', ಅವಿಲ್ಲದೆ ನಮ್ಮ ಯಾವ ಆಕಾಶವಾಣಿ ಬೆಳಗೂ ಇರಲಿಲ್ಲ. ಅವರ ಹಾಡುಗಳಿಗೆ ವರ್ಷಾನುಗಟ್ಟಲೆ ಬೇಸ್ ನುಡಿಸಿದ ಶಶಿಧರನ್ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ರೆಹಮಾನರ ಹಾಡುಗಳಲ್ಲಿ ಬೇಸ್ ಹಿಡಿದ ಕೀತ್ ಪೀಟರ್ಸ್ ಹೆಸರು? ಕ್ಯಾಸೆಟ್ಟಿನ ಹಾಳೆಯಲ್ಲಿ ಜಾಗ ಇಲ್ಲ ಎನ್ನುವ ನೆಪ ಆಗ ಇತ್ತು. ಈಗ ಮೊಬೈಲ್ ಆ್ಯಪಿನಲ್ಲಿ ಜಾಗಕ್ಕೇನು ಬರ? ಕಂಪನಿಯ ಹೆಸರು ಅಲ್ಲಿರುತ್ತದೆ, ಹಕ್ಕುಸ್ವಾಮ್ಯದ ವರ್ಷ ಇರುತ್ತದೆ, ಜಾಹೀರಾತು ಇರುತ್ತದೆ. ನುಡಿಸಿದವನು ಸಾಮಾನ್ಯವಾಗಿ ಇರುವುದಿಲ್ಲ. ಹೆಸರೇ ಇಲ್ಲದವನನ್ನು ವೇದಿಕೆಯಿಂದ ತೆಗೆದರೆ ಕೇಳುವವರು ಯಾರು? ಹದಿನಾರು ಡಬ್ಬಕ್ಕೆ ಬಾಡಿಗೆ ಕೊಡುವ ಸಮಿತಿಗಳು, ಲಕ್ಷಗಟ್ಟಲೆ ಕೊಡುವ ಮದುವೆ ಮನೆಗಳು, ಒಬ್ಬ ಬೇಸಿನವನ ರಾತ್ರಿ ಸಂಭಾವನೆಗೆ ಮಾತ್ರ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅಂತಾರೆ. ನಾಚಿಕೆಗೇಡು.

ಪ್ರಶ್ನೆ: ನೀವು ಹೇಳಿ. ಈಗ ಏನು ಮಾಡೋಣ?

ಬೇಸ್: ಮೊದಲು ಚೀಟಿ ನೋಡಿ. 32 ಅಂತಿದೆ. 26ಕ್ಕೆ ಶುರು ಮಾಡಿ.

ಪ್ರಶ್ನೆ: ಅಷ್ಟು ಇಳಿಸುತ್ತಾರಾ?

ಬೇಸ್: ಮೂರನೇ ಫ್ರೆಟ್ಟು ಸವೆದಿರೋದನ್ನ ತೋರಿಸಿ. ಕತ್ತು ನೋಡಬೇಕು ಅನ್ನಿ: ಮೊದಲ ಫ್ರೆಟ್ಟು, ಕೊನೇ ಫ್ರೆಟ್ಟು ಎರಡನ್ನೂ ಒತ್ತಿ ಹಿಡಿದು, ನಡುವೆ ತಂತಿಗೂ ಫ್ರೆಟ್ಟಿಗೂ ಎಷ್ಟು ಸಂದು ಇದೆ ಅಂತ ಬಗ್ಗಿ ನೋಡಿದರೆ ಅಂಗಡಿಯವರಿಗೆ ಇವರು ತಿಳಿದವರು ಅನಿಸುತ್ತೆ. ಕಾಗದ ತೂರೋಷ್ಟು ಸಂದಿದ್ದರೆ ಸರಿ, ನನ್ನದು ಸರಿಯಾಗೇ ಇದೆ. ಆದ್ರೂ ತಲೆ ಅಲ್ಲಾಡಿಸಿ. ಒಂದು ಸಾವಿರ ಅಲ್ಲೇ ಇಳಿಯುತ್ತೆ.

ಪ್ರಶ್ನೆ: ಹುಡುಗ ಹೊಸದೇ ಬೇಕು ಅಂತ ಹಟ ಹಿಡಿದರೆ?

ಬೇಸ್: ಹಿಡಿಯಲಿ. ನನ್ನನ್ನೂ ಆ ಹೊಸದನ್ನೂ ಒಂದೇ ಆಂಪಿಗೆ, ಒಂದೇ ವೈರಿಗೆ ಹಾಕಿ, ಕಣ್ಣು ಮುಚ್ಚಿಸಿ. ಐದನೇ ಫ್ರೆಟ್ಟು. ಹೊಸದು ಗೆದ್ದರೆ ನನಗೇನೂ ಬೇಸರ ಇಲ್ಲ. ಮೊಬೈಲು ಮಾತ್ರ ನಿಮ್ಮ ಜೇಬಲ್ಲಿರಲಿ.

ಪ್ರಶ್ನೆ: ನೀವು ಗೆದ್ದರೆ?

ಬೇಸ್: ಹೊಸ ತಂತಿ ಸೆಟ್ಟು ಅಂಗಡಿ ಲೆಕ್ಕದಲ್ಲೇ ಹಾಕಿಸಿಕೊಡಿ ಅನ್ನಿ. ಐದು ತಂತಿಯ ಸೆಟ್ಟು ಬೇರೆ ಬರುತ್ತೆ, ನಾಲ್ಕರದ್ದು ಹಾಕಿ ಹಳೇ ಬಿ ಹಾಗೇ ಬಿಡೋಕೆ ನೋಡ್ತಾರೆ. ಬಿ ತಂತಿ 130ರದ್ದೇ ಬೇಕು ಅಂತ ಬಾಯಿ ಬಿಟ್ಟು ಹೇಳಿ. ಬ್ಯಾಗ್ ಫ್ರೀ ಅಂತಾರೆ, ಅದರ ಜಿಪ್ ಎಳೆದು ನೋಡಿ. ಅಗೋ ಬಂದ ನಿಮ್ಮ ಹುಡುಗ. ಯೂಕುಲೇಲಿ ಕಡೆ ನೋಡ್ತಿದ್ದಾನೆ, ಬೇಗ ಕರೀರಿ.