ಹಂಚಿನ ಮೇಲಿನ ಹೆಜ್ಜೆಶಾಸ್ತ್ರ

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಬಳಿಕ ಘಟ್ಟ ಹತ್ತಿದ ಮಂಗಳೂರು ಹಂಚು, ಪಕಾಸೆಂಬ ಇಳಿಜಾರು ತೊಲೆಗಳ ಮೇಲೆ ಅಡ್ಡಲಾಗಿ ಹೊಡೆದ ರೀಪೆಂಬ ತೆಳು ಪಟ್ಟಿಗೆ ಹಿಂಬದಿಯ ಉಬ್ಬಿನಿಂದ ಜೋತುಕೊಂಡು, ಅಂಚಿನ ತೋಡಿನಿಂದ ಪಕ್ಕದ ಹಂಚನ್ನು ಹಿಡಿದಿರುವುದರಿಂದ, ಆಧಾರವಿಲ್ಲದ ನಡುಭಾಗದಲ್ಲಿ ಕಾಲಿಟ್ಟವನನ್ನು ಕ್ಷಮಿಸುವುದಿಲ್ಲ. ಯಲ್ಲಾಪುರ ತಾಲೂಕಿನ ನಂದೊಳ್ಳಿಯಲ್ಲಿ, ಬೇಸಿಗೆಯಲ್ಲಷ್ಟೇ ಹಂಚು ಬದಲಿಸಿದ ಮನೆಯ ಮೇಲೆ ಸೋಲಾರ್ ಕೂರಿಸಿದ ಗುತ್ತಿಗೆದಾರನಿಗೂ ಮನೆಯ ಹೆಗಡೆಯವರಿಗೂ ಆರ್ದ್ರಾ ಮಳೆಯಲ್ಲಿ ನಡೆದ ಸಂವಾದ ಈ ತತ್ತ್ವಕ್ಕೆ ಬರೆದ ಭಾಷ್ಯದಂತಿದೆ (ಭಾಷ್ಯಕಾರರು ಸಾಮಾನ್ಯವಾಗಿ ಮಗ್ಗುಲಲ್ಲಿ ಬಕೆಟ್ ಇಟ್ಟುಕೊಂಡು ಕೂರುವುದಿಲ್ಲ).

“ಒಡೆದದ್ದು ನಮ್ಮ ಹುಡುಗರಲ್ಲ ಹೆಗಡೇರೇ, ಮಂಗ.”

“ಮಂಗ ಬೀಡಿ ಸೇದುವುದಿಲ್ಲ ಮಾರಾಯರೇ, ಒಡಕಿನಲ್ಲಿ ಸಿಕ್ಕಿದ್ದು ಬೀಡಿಯ ತುಂಡು.”

“ಹಾಗಾದರೆ ಹೊಸ ಹಂಚೇ ಕಳಪೆ.”

“ಹತ್ತುವ ಮುಂಚೆ ತಟ್ಟಿ ನೋಡಿ, ಗಟ್ಟಿ ಮಾಲು ಎಂದವರು ನೀವೇ.”

ಪ್ರಮಾಣಗಳೆಲ್ಲ ತೀರಿದಾಗ ಗುತ್ತಿಗೆದಾರರು ವಾದವನ್ನು ಬಿಟ್ಟು ಔದಾರ್ಯಕ್ಕೆ ದಾಟುವುದು ಈ ವೃತ್ತಿಯ ಸ್ಥಾಪಿತ ಸಂಪ್ರದಾಯವಾದ್ದರಿಂದ, ಆತನೂ ದಾಟಿದನು.

“ಆಗಲಿ, ಮಳೆ ನಿಂತ ಮೇಲೆ ಬದಲಿಸಿಕೊಡುತ್ತೇನೆ.”

“ಅಲ್ಲಿಯವರೆಗೆ?”

“ತಾಡಪಾಲು ಹೊದೆಸಲು ಹುಡುಗರನ್ನು ನಾಳೆಯೇ ಮೇಲೆ ಹತ್ತಿಸುತ್ತೇನೆ, ಅದರ ಬಿಲ್ಲು ಬೇರೆ.”