ಐದು ಯಾಕ, ಎರಡು ರೋಲು: ಎಡೆದೊರೆ ನಾಡಿನ ಗಿರಣಿ ಮೀಮಾಂಸೆ

ಇನ್ನು ನುಚ್ಚಿನ ವಿಚಾರ.

ಶಾಸ್ತ್ರಗ್ರಂಥಗಳು ಹೀಗೆ ಥಟ್ಟನೆ ಶುರುವಾಗುವುದು ರೂಢಿ. ಬ್ರಹ್ಮ ಕೂಡಬೇಕಾದ ಜಾಗದಲ್ಲಿ ನುಚ್ಚು ಕೂತಿತಲ್ಲ ಎಂದು ಪಂಡಿತರು ಮುನಿಯಬಾರದು. ರಾಯಚೂರು, ಮಾನ್ವಿಗಳ ಅಕ್ಕಿ ಗಿರಣಿಗಳಲ್ಲಿ ಎರಡೂ ಸರ್ವಾಂತರ್ಯಾಮಿ, ಎರಡರ ಪ್ರಮಾಣವನ್ನೂ ಬಲ್ಲವರು ಬಾಯಿ ಬಿಡುವುದಿಲ್ಲ. ಕ್ವಿಂಟಲ್ ಭತ್ತ ಹಾಕಿದರೆ 67 ಕಿಲೋ ಅಕ್ಕಿ ಕೊಡಬೇಕು ಎನ್ನುವುದು ಸರ್ಕಾರದ ಲೆಕ್ಕ. ಎಲ್ಲ ಸಾವ್ಕಾರರ ಬಾಯಲ್ಲೂ ಅದೇ 67. ನಿಜವಾಗಿ ಎಷ್ಟು ಬರುತ್ತದೆ, ಅದರಲ್ಲಿ ಇಡಿ ಅಕ್ಕಿ ಎಷ್ಟು, ನುಚ್ಚೆಷ್ಟು ಎಂಬುದು ಗುರುಮುಖೇನ ಮಾತ್ರ ತಿಳಿಯತಕ್ಕ ರಹಸ್ಯ. ಗುರು ಯಾರು ಎಂಬುದೇ ಈ ಪ್ರಬಂಧದ ವಿಷಯ.

ಲಕ್ಷಣ ಹೇಳಬೇಕಲ್ಲ. ದಿನಾ ಒಂದಿಷ್ಟು ಸುಧಾರಿಸುತ್ತ ಹೋಗುವುದಕ್ಕೆ ಜಪಾನಿನವರು ಕೈಜೆನ್ ಎಂದು ಹೆಸರಿಟ್ಟಿದ್ದಾರೆ. ಕೃಷ್ಣಾ, ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿನಲ್ಲಿ ಇದಕ್ಕೆ ಸಮಾನವಾದ ಪಾರಿಭಾಷಿಕ ಪದ: "ಏನರ ಮಾಡ್ರಿ ಮಿಸ್ತ್ರಿ." ಎರಡಕ್ಕೂ ಸೂಕ್ಷ್ಮ ಭೇದವಿದೆ. ಮೊದಲನೆಯದು ಯಂತ್ರ ಕೆಡುವ ಮುಂಚೆ, ಎರಡನೆಯದು ಕೆಟ್ಟ ಮೇಲೆ.

ಇಲ್ಲಿ ಪೂರ್ವಪಕ್ಷ. ಕೋಟು ಹಾಕಿಕೊಂಡು ಬೆಂಗಳೂರಿನಿಂದ ಬರುವ ತಜ್ಞರು ಹೇಳುವುದಿಷ್ಟು: ಈ ವಿದ್ಯೆ ಹುಟ್ಟಿದ್ದು ಟೊಯೋಟಾದಲ್ಲಿ, ಐದು ಸಲ ಯಾಕೆ ಎಂದು ಕೇಳಿ ಬೇರು ಹಿಡಿಯುವ ಪದ್ಧತಿಯನ್ನು ಜನರ ಬಾಯಿಗೆ ಹಾಕಿದ್ದು ತೈಚಿ ಓನೋ, ಮೀನಿನ ಮುಳ್ಳಿನ ಆಕಾರದಲ್ಲಿ ಕಾರಣಗಳ ಚಿತ್ರ ಬರೆದದ್ದು ಇಶಿಕಾವಾ, ಕೆಲಸಗಾರರೇ ಕೂತು ದೋಷ ತಿದ್ದುವ ಕ್ವಾಲಿಟಿ ಸರ್ಕಲ್ ಭಾರತಕ್ಕೆ ಕಾಲಿಟ್ಟದ್ದು 1980ರಲ್ಲಿ, ಹೈದರಾಬಾದಿನ ಬಿಎಚ್‌ಇಎಲ್‌ನಲ್ಲಿ. ಹೈದರಾಬಾದ್ ಎಂದ ಕೂಡಲೇ ನಮ್ಮ ಕಿವಿ ನಿಮಿರುತ್ತದೆ. 1956ರವರೆಗೆ ನಾವೂ ಅದೇ ಸೀಮೆಯವರು, ಬಿರಿಯಾನಿಯಂತೆ ಇದೂ ಒಂದಿಷ್ಟು ನಮ್ಮ ಕಡೆ ಬಂದಿರಬೇಕು. ಮುಳ್ಳಿನ ವಿಷಯಕ್ಕೆ ಮಾತ್ರ ತಕರಾರಿದೆ. ಹೊಳೆಮೀನು ತಿನ್ನುವವರಿಗೆ ಮುಳ್ಳೇ ಸಮಸ್ಯೆ. ಅದನ್ನೇ ಪರಿಹಾರವೆಂದು ಬೋರ್ಡಿನ ಮೇಲೆ ಬರೆಯುವುದು ಪ್ರತ್ಯಕ್ಷ ಪ್ರಮಾಣಕ್ಕೆ ವಿರೋಧ.

ಸಿದ್ಧಾಂತವನ್ನು ರಾಯಚೂರು ಕೋಟೆಯ ಗೋಡೆಯಲ್ಲೇ ಕೆತ್ತಿಟ್ಟಿದ್ದಾರೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗನ್ನಯ್ಯ ರೆಡ್ಡಿ ಕಟ್ಟಿಸಿದ ಕೋಟೆಯಿದು. ಗೋಡೆಯಲ್ಲಿ ನಲವತ್ತು ಅಡಿಗೂ ಮಿಕ್ಕ ಒಂದೇ ಕಲ್ಲು, ಅದರ ಮೇಲೆ ತೆಲುಗು ಶಾಸನ. ನಮ್ಮ ಶಾಸ್ತ್ರಕ್ಕೆ ಬೇಕಾದದ್ದು ಶಾಸನವಲ್ಲ, ಕಲ್ಲನ್ನು ತಂದದ್ದು ಹೇಗೆಂದು ತೋರಿಸುವ ಗೆರೆಚಿತ್ರ. ಗಾಲಿಗಳ ಮೇಲೆ ಕಲ್ಲು, ಮುಂದೆ ಸಾಲುಗಟ್ಟಿದ ಕೋಣಗಳು, ಗಾಲಿಯ ಬುಡಕ್ಕೆ ಸನ್ನೆ ಕೊಟ್ಟು ನೂಕುವ ಆಳುಗಳು. ಸಮಸ್ಯೆ, ಉಪಾಯ, ಸಲಕರಣೆ, ಜನಬಲ, ಎಲ್ಲ ಒಂದೇ ನೋಟಕ್ಕೆ. ಅದೂ ಊರಿನ ಗೋಡೆಯ ಮೇಲೆ, ನೋಡುವವರಿಗೆ ಪುಕ್ಕಟೆ. ಪಕ್ಕದ ಕೋಟೆಯವರು ಕಲಿತುಬಿಟ್ಟಾರು ಎಂಬ ಹೆದರಿಕೆ ಅವರಿಗಿರಲಿಲ್ಲ. ಏಳು ಶತಮಾನ ಕಳೆದ ಮೇಲೆ ಅದೇ ಊರಿನ ಗಿರಣಿಯೊಳಗೆ ನಾನು ಮೊಬೈಲ್ ಹೊರತೆಗೆದರೆ, "ಫೋಟೋ ಬ್ಯಾಡ್ರಿ ಸರ" ಎಂದರು.

1520ರಲ್ಲಿ ಕೃಷ್ಣದೇವರಾಯ ಇದೇ ಕೋಟೆಗೆ ಮುತ್ತಿಗೆ ಹಾಕಿದಾಗ, ಗೋಡೆಯಿಂದ ಕಲ್ಲು ಕಿತ್ತು ತಂದವರಿಗೆ ಕಲ್ಲಿನ ಗಾತ್ರ ನೋಡಿ ದುಡ್ಡು ಕೊಡುತ್ತಿದ್ದರೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಆಮೇಲೆ ಪೋರ್ಚುಗೀಸ್ ಬಂದೂಕುಗಾರರು ಬಂದು ಗೋಡೆ ಮೇಲೆ ತಲೆ ಎತ್ತಿದವರನ್ನು ಹೊಡೆಯತೊಡಗಿದರು; ಕೀಳುವವರ ಕೆಲಸ ಸಲೀಸಾಯಿತು. ಹೊರಗಿನ ಪರಿಣತ, ಒಳಗಿನ ಹಮಾಲ, ತೂಕದ ಮೇಲೆ ಕೂಲಿ. ಇಂದಿನ ವ್ಯವಸ್ಥೆಗೆ ಇದಕ್ಕಿಂತ ಹಳೆಯ ಆಧಾರ ಬೇಕಿಲ್ಲ.

ಈಗ ಪ್ರಯೋಗ ಪ್ರಕರಣ. ಶೆಲ್ಲರ್‌ನಲ್ಲಿ ಎರಡು ರಬ್ಬರ್ ರೋಲು ಎದುರುಬದುರು ತಿರುಗುತ್ತವೆ, ಒಂದು ಜೋರು, ಒಂದು ನಿಧಾನ. ನಡುವಿನ ಸಂದಿಗೆ ಸಿಕ್ಕ ಭತ್ತ ಆ ಕಡೆ ಈ ಕಡೆ ಉಜ್ಜಿಸಿಕೊಂಡು ಸಿಪ್ಪೆ ಕಳಚುತ್ತದೆ. ಜೋರು ತಿರುಗುವುದು ಬೇಗ ಸವೆಯುತ್ತದೆ. ಆಗಾಗ ಎರಡರ ಜಾಗ ಅದಲುಬದಲು ಮಾಡಿದರೆ ಜೋಡಿ ಹೆಚ್ಚು ದಿನ ಬಾಳುತ್ತದೆ. (ಇದನ್ನು ದಾಂಪತ್ಯಕ್ಕೆ ಅನ್ವಯಿಸಿದ ಭಾಷ್ಯಕಾರರೂ ಇದ್ದಾರೆ, ಆ ಭಾಗ ಪ್ರಕ್ಷಿಪ್ತ.) ಎಷ್ಟು ಚೀಲಕ್ಕೊಮ್ಮೆ ಬದಲಿಸಬೇಕು? ಮಾನ್ವಿ ಕಡೆಯ ಒಂದು ಗಿರಣಿಯಲ್ಲಿ ಸಾವ್ಕಾರರು ಆ ಲೆಕ್ಕವನ್ನು ಕೋಣೆಯ ಬಾಗಿಲ ಹಿಂದೆ ಸೀಮೆಸುಣ್ಣದ ಗೆರೆ ಎಳೆದು ಇಟ್ಟಿದ್ದರು, ಯಾರಿಗೂ ಕಾಣಬಾರದೆಂದು. ಆ ಬಾಗಿಲನ್ನು ದಿನಾ ಹಾಕಿ ತೆಗೆಯುವವನು ಹಮಾಲ. ಹಮಾಲನ ತಮ್ಮ ಇನ್ನೊಂದು ಗಿರಣಿಯಲ್ಲಿ. ಇಬ್ಬರಿಗೂ ಬೇಕಾದ ಮಿಸ್ತ್ರಿ ಐದು ಗಿರಣಿಗಳ ಶೆಲ್ಲರ್ ರಿಪೇರಿಗೆ ಹೋಗುವವರು. ಹದಿನೈದು ದಿನದಲ್ಲಿ ಐದು ಬಾಗಿಲುಗಳ ಹಿಂದೆ ಐದು ಸಾಲು ಗೆರೆ, ಐದೂ ಪರಮ ಗುಟ್ಟು.

ಆ ಮಿಸ್ತ್ರಿಯನ್ನು ನಾನು ಕಂಡದ್ದು ಚಹಾ ಬಂಡಿಯ ಹತ್ತಿರ. ಒಗ್ಗರಣಿ ಮಂಡಾಳಿನ ತಟ್ಟೆ ಪಕ್ಕಕ್ಕಿಟ್ಟು, ಕಿಸೆಯಿಂದ ಒಂದು ಚಿಟಿಕೆ ಅಕ್ಕಿ ತೆಗೆದು ಅಂಗೈ ಮೇಲೆ ಹರಡಿದರು. ಉಗುರಿನಿಂದ ಇಡಿ ಕಾಳು ಒಂದು ಕಡೆ, ಮುರಿದದ್ದು ಒಂದು ಕಡೆ. ಒಂದು ಕಾಳು ಹಲ್ಲಿಗೆ ಕೊಟ್ಟರು. ಟಕ್ ಅಂದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಹಸಿ. ತೇವ ಅಳೆಯುವ ಯಂತ್ರ ಗಿರಣಿಯಲ್ಲಿದೆ. ಅದರ ಮಾತನ್ನು ಹಲ್ಲು ಒಪ್ಪಿದ ಮೇಲೆಯೇ ಚೀಟಿ ಬರೆಯುವುದು. ಅಷ್ಟರಲ್ಲಿ ಒಬ್ಬ ಸಾವ್ಕಾರರು ಬೈಕ್ ನಿಲ್ಲಿಸಿದರು. ಓನೋ ಮಹಾಶಯ ಅಲ್ಲಿದ್ದಿದ್ದರೆ ಪುಸ್ತಕ ತೆಗೆಯುತ್ತಿದ್ದ.

"ನುಚ್ಚು ಯಾಕ ಇಷ್ಟ ಬೀಳಾಕತ್ತೈತಿ ಮಿಸ್ತ್ರಿ?"

"ಕಾಳು ಒಳಗ ಸೀಳೈತ್ರಿ ಸಾವ್ಕಾರ್ರ."

"ಯಾಕ ಸೀಳತು?"

"ಡಾಂಬರ್ ರಸ್ತಿ ಮ್ಯಾಲ ಒಣಗಿಸ್ಯಾರ. ಹಗಲ ಬೆಂಕಿ ಬಿಸಲು, ರಾತ್ರಿ ಮಂಜು. ಸೀಳಲಾರದ ಏನ್ಮಾಡತೈತಿ?"

"ರಸ್ತಿ ಮ್ಯಾಲ ಯಾಕ?"

"ಕಣ ಎಲ್ಲೈತ್ರಿ? ಮಶೀನ್ ಬಂದಾಗಿಂದ ಹಸೀದ ಕೊಯ್ದು ಟ್ರ್ಯಾಕ್ಟರಿಗೆ ಸುರೀತಾರ."

"ಹಸೀದ ಯಾಕ ಕೊಯ್ಯಬೇಕು?"

"ಕೆನಾಲ್ ಕೊನೀಗಿದ್ದೋರದು ನಾಟಿ ತಡಾ ಆಗತೈತಿ. ಮಶೀನು ಅವರ ಸಲುವಾಗಿ ಕಾಯಂಗಿಲ್ಲ."

"ನಾಟಿ ತಡಾ ಯಾಕ?"

"ನೀರು ತಡಾ ಬಂತು."

ಐದು ಯಾಕ ಮುಗಿದವು. ರೋಲಿನ ಸಂದಿಯಲ್ಲಿ ಹೊರಟ ಪ್ರಶ್ನೆ ತುಂಗಭದ್ರಾ ಎಡದಂಡೆ ಕಾಲುವೆಯ ದಂಡೆ ಹಿಡಿದು, ನೀರು ಅಳೆಯುವ ಮೈಲ್ 104ರ ಗೇಜ್ ದಾಟಿ, 227 ಕಿಲೋಮೀಟರ್ ಉದ್ದದ ಆ ಕಾಲುವೆಯ ತಲೆಯಲ್ಲಿರುವ ಅಣೆಕಟ್ಟಿಗೆ ಹೋಗಿ ನಿಂತಿತು. ಅಲ್ಲಿ ಸ್ಪ್ಯಾನರ್ ಹಿಡಿಯಲು ನಮ್ಮ ಮಿಸ್ತ್ರಿಗೆ ಅಧಿಕಾರವಿಲ್ಲ. "ಸದ್ಯಕ್ಕ ರೋಲು ಬದಲಿ ಮಾಡೂಣು," ಎಂದರು.

ಅಣೆಕಟ್ಟಿನಲ್ಲೂ ಒಮ್ಮೆ ಈ ಶಾಸ್ತ್ರ ನಡೆದಿದೆ, ಮತ್ತು ಅದು ಅಪಹಾಸ್ಯಕ್ಕೆ ಸಿಗುವಂಥದ್ದಲ್ಲ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ನೀರು ಕಣ್ಣೆದುರೇ ಹೊಳೆಗೆ ಹರಿಯುತ್ತಿತ್ತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಸುತ್ತಿನ ಬೇರೆ ಬೇರೆ ಕಾರ್ಖಾನೆಗಳಲ್ಲಿ ಸ್ಟಾಪ್ ಲಾಗ್ ಎಂಬ ಉಕ್ಕಿನ ತಡೆಹಲಗೆಗಳು ತಯಾರಾಗಿ, ಒಂದು ವಾರದೊಳಗೆ ಹರಿಯುವ ನೀರಿಗೇ ಇಳಿದವು. ಬಾಗಿಲ ಹಿಂದೆ ಗೆರೆ ಎಳೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಮಾನ್ವಿಯ ಗದ್ದೆಯವನ ನೀರು ಉಳಿದದ್ದು ಹಾಗೆ.

ಅಕ್ಕಿಯ ಮಾತು ಬಿಟ್ಟರೆ, ಇದೇ ಸೀಮೆಯ ದೇವದುರ್ಗದ ಬಗ್ಗೆ ಒಂದು ಟಿಪ್ಪಣಿ ಸಾಕು. ಅಲ್ಲಿಯದು ಹತ್ತಿ, ರಾಯಚೂರಿನ ಜಿನ್ನಿಂಗ್ ಮಿಲ್ಲುಗಳಲ್ಲಿ ಅರಳೆ ಬೇರೆ, ಕಾಳು ಬೇರೆಯಾಗುತ್ತದೆ. ಅಲ್ಲಿಯೂ ರೋಲರೇ ದೇವರು, ಸವೆತವೇ ಮಾಯೆ. ಚೀಲದ ಪ್ಲಾಸ್ಟಿಕ್ ಎಳೆ ಅರಳೆಯಲ್ಲಿ ಸೇರಿದರೆ ಬೇಲಿನ ಬೆಲೆ ಬೀಳುತ್ತದೆ. ಆ ಎಳೆಯನ್ನು ಆರಿಸಿ ತೆಗೆಯುವವರು ಹೆಣ್ಣುಮಕ್ಕಳು, ದಿನಗೂಲಿಗೆ. ಚೀಲ ಬದಲಿಸಿದರೆ ಆರಿಸುವ ಕೆಲಸವೇ ಇರುವುದಿಲ್ಲ ಎಂದು ಅವರು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಅವರ ಮಾತು ಇನ್ನೂ ಮೀನಿನ ಮುಳ್ಳಿನ ಚಿತ್ರಕ್ಕೆ ಏರಿಲ್ಲ.

ಕಡೆಗೆ ನಾನೂ ಒಂದು ಕಾರ್ಯಾಗಾರಕ್ಕೆ ಹೋಗಿ ಬಂದೆ. ಏಸಿ ಹಾಲ್, ಹೆಸರಿನ ಬಿಲ್ಲೆ, ಊಟಕ್ಕೆ ಮೂರು ಬಗೆ ಅನ್ನ, ಮೂರರಲ್ಲೂ ನುಚ್ಚು. ನಿಮ್ಮ ಒಂದು ಸುಧಾರಣೆಯನ್ನು ಹಂಚಿಕೊಳ್ಳಿ ಎಂದು ತಜ್ಞರು ಕೇಳಿದಾಗ ಸಾವ್ಕಾರರೆಲ್ಲ ಕರೆಂಟಿನ ದರದ ಬಗ್ಗೆ ಮಾತಾಡಿದರು. ಎಲ್ಲರಿಗೂ ಸರ್ಟಿಫಿಕೇಟ್ ಸಿಕ್ಕಿತು. ಅವರ ಐದು ಗಿರಣಿಗಳನ್ನು ನಡೆಸುತ್ತಿದ್ದ ಮಿಸ್ತ್ರಿಗೆ ಆಮಂತ್ರಣ ಇರಲಿಲ್ಲ. ಆ ಹೊತ್ತಿಗೆ ಅವರು ಆ ಹಾಲ್‌ನ ಎದುರಿನ ಚಹಾ ಬಂಡಿಯಲ್ಲೇ, ಸಾವ್ಕಾರರ ಡ್ರೈವರುಗಳ ನಡುವೆ, ಅಂಗೈ ಮೇಲೆ ಅಕ್ಕಿ ಹರಡಿ ಕೂತಿದ್ದರು.

ಓದುಗರಲ್ಲಿ ವಿನಂತಿ: ಆ ಕಡೆ ಹೋದಾಗ ಅವರು ಸಿಕ್ಕರೆ ಪಕ್ಕದಲ್ಲಿ ಕೂಡಿ, ಕೇಳಿ, ಬರೆದುಕೊಳ್ಳಿ. ಚಹಾದ ದುಡ್ಡು ಮಾತ್ರ ನೀವೇ ಕೊಡಿ. ಇದುವರೆಗೂ ಅವರೇ ಕೊಡುತ್ತ ಬಂದಿದ್ದಾರೆ.