ಐದಕ್ಕೆ ಎರಡು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನ ಕೈಗೆ ಕೆಂಪು ಪೆನ್ನು ಸಿಕ್ಕರೆ ಅದು ತಲೆಯನ್ನು ಕೇಳಿ ಓಡುವುದಿಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಮೂರರ ಕೆಳಗೂ ಸ್ಕೇಲಿಟ್ಟು ಎಳೆದ ಗೆರೆ. ಇಷ್ಟಿದ್ದರೆ ಐದು ಅಂಕದ ಪ್ರಬಂಧದಲ್ಲಿ ಮೂರಕ್ಕೆ ಮೋಸವಿಲ್ಲ ಎಂದು ಹೇಳಿಕೊಟ್ಟವನೇ ನಾನು. ಫ್ರಾನ್ಸಿನ ಮಾಂತೇನ್ 1580ರಲ್ಲಿ ತನ್ನ ಬರಹಗಳನ್ನು ‘ಎಸ್ಸೆ’ ಎಂದು ಕರೆದ. ಎಂದರೆ ಬರೀ ಪ್ರಯತ್ನ. ನಮ್ಮಲ್ಲಿ ಅದು ‘ಪ್ರಬಂಧ’, ಬಿಗಿಯಾಗಿ ಕಟ್ಟಿದ್ದು. ಕಟ್ಟುವ ಹಗ್ಗ ನನ್ನ ಕೈಯಲ್ಲಿತ್ತು. ಎ. ಎನ್. ಮೂರ್ತಿರಾಯರ ಪ್ರಬಂಧ ಸಂಕಲನ ‘ಹಗಲುಗನಸುಗಳು’ ನನ್ನ ಮೇಜಿಗೆ ಬಂದಿದ್ದರೆ ಅದೂ ಬಚಾವಾಗುತ್ತಿರಲಿಲ್ಲ.

ಮೊಬೈಲು ಬಾರದ ಕಾಲ. ಒಂದು ಮಧ್ಯಾಹ್ನ ಕಿರುಪರೀಕ್ಷೆಯ ಪೇಪರುಗಳಲ್ಲಿ ಮುಳುಗಿದ್ದಾಗ ಪಕ್ಕದ ಮನೆಯ ಹುಡುಗ ಚೀಟಿಯೊಂದನ್ನು ತಂದಿಟ್ಟ. ನನ್ನವಳ ಅಕ್ಷರ: ‘ಗ್ಯಾಸು ಮುಗೀತು. ಅನ್ನ ಅರ್ಧ ಬೆಂದಿದೆ. ನಿಮ್ಮ ಅಕ್ಕ ಭಾವ ಬಂದಿದಾರೆ.’

ಓದಿ ಮುಗಿಸುವ ಮೊದಲೇ ಪೆನ್ನು ಹೊರಟಿತ್ತು. ಎಡಗಡೆ ‘ಪೀಠಿಕೆ ಇಲ್ಲ’. ‘ಮುಗೀತು’ ಗ್ರಾಮ್ಯ, ‘ಮುಗಿಯಿತು’ ಆಯಿತು. ಗ್ಯಾಸಿಗೂ ಅನ್ನಕ್ಕೂ ನಡುವೆ ಒಂದು ‘ಆದುದರಿಂದ’ ತುರುಕಿದೆ. ಅಕ್ಕ ಭಾವ ಕೊನೆಯಲ್ಲಿ ದಿಢೀರನೆ ಬಂದದ್ದು ಸರಿಕಾಣಲಿಲ್ಲ. ಬಾಣದ ಗುರುತು ಹಾಕಿ ಅವರನ್ನು ಮೊದಲ ಸಾಲಿಗೆ ಕಳಿಸಿದೆ. (ಆ ಬಾಣ ಸರಿಯೆಂದೇ ಇವತ್ತಿಗೂ ನನ್ನ ವಾದ.) ಅಡಿಯಲ್ಲಿ ‘ಉಪಸಂಹಾರ ಎಲ್ಲಿ?’ ಎಂದು ಕೇಳಿ, ಐದಕ್ಕೆ ಎರಡು ಹಾಕಿ, ಸಹಿ ಮಾಡಿ, ಕಾದು ನಿಂತಿದ್ದ ಹುಡುಗನ ಕೈಗೇ ಕೊಟ್ಟೆ. ವಿಧೇಯ ಹುಡುಗ, ಓಡಿಹೋಗಿ ಮುಟ್ಟಿಸಿಬಿಟ್ಟ.

ಸಂಜೆ ಮನೆಗೆ ಹೋದರೆ ಎಲೆ ಹಾಕಿತ್ತು. ಎಡತುದಿಯಲ್ಲಿ ಉಪ್ಪು, ಉಪ್ಪಿನಕಾಯಿ. ಆಚೆ ಒಂದು ಲೋಟ ಮಜ್ಜಿಗೆ. ನಡುವೆ ಹಸಿರು ಎಲೆ.

“ಪೀಠಿಕೆ ಇದೆ, ಉಪಸಂಹಾರ ಇದೆ. ಊಟ ಮಾಡಿ” ಎಂದಳು.

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹೋಟೆಲಿನಲ್ಲಿ ಉಂಡು ಬಂದಿದ್ದರು.

ಇದನ್ನು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಅದೇ ಕಟ್ಟಿನಲ್ಲಿದ್ದ ಇನ್ನೊಂದು ಪೇಪರಿನ ಸುದ್ದಿ ಮಾತ್ರ ಎತ್ತಿಲ್ಲ. ವಿಷಯ, ‘ನನ್ನ ಮೆಚ್ಚಿನ ಪ್ರಾಣಿ’. ಎಲ್ಲರೂ ‘ಹಸು ಸಾಧು ಪ್ರಾಣಿ’ ಎಂದು ನನ್ನ ನೋಟ್ಸನ್ನೇ ಇಳಿಸಿದ್ದರು. ಒಬ್ಬ ಮಾತ್ರ, ಸಾಲ ತೀರಿಸಲು ಮಾರಿದ ಅವರ ಹಸು ಹಗ್ಗ ಕಿತ್ತುಕೊಂಡು ರಾತ್ರೋರಾತ್ರಿ ಮನೆಗೆ ಬಂದದ್ದನ್ನು ಬರೆದು, ಬೆಳಿಗ್ಗೆ ಅಪ್ಪ ಅದನ್ನು ಮತ್ತೆ ಹೊಡೆದುಕೊಂಡು ಹೋದರು ಎಂಬಲ್ಲಿಗೆ ನಿಲ್ಲಿಸಿದ್ದ. ತಲೆಬರಹವಿಲ್ಲ, ಗೆರೆಯಿಲ್ಲ. ಅವನಿಗೂ ಎರಡೇ ಕೊಟ್ಟಿದ್ದೆ.

ಮನೆಯ ಚೀಟಿಗೆ ಆ ರಾತ್ರಿಯೇ ಮರುಮೌಲ್ಯಮಾಪನ ನಡೆದು ಐದಕ್ಕೆ ಐದು ಬಂತು. ಹುಡುಗನ ಎರಡು ಅಂಕ ಮರುದಿನ ರಿಜಿಸ್ಟರಿಗೆ ಏರಿತು.